ಮೊಮ್ಮಗಳ ಇಂಗ್ಲಿಷು, ನನ್ನ ಸರ್ವಿಸ್ ಜೀಪು

ನನ್ನ ಮೊಮ್ಮಗಳು ಮಾತಾಡುತ್ತಾಳೆ. ಬೇರೆಯವರ ಮನೆಯಲ್ಲಿ ಇದು ಹೇಳಿಕೊಳ್ಳುವ ಸಂಗತಿಯೇ ಅಲ್ಲ. ನಾಲ್ಕು ವರ್ಷ ಆಗುತ್ತಾ ಬಂದ ಮಗು ಮಾತಾಡದೆ ಇನ್ನೇನು ಮಾಡುತ್ತದೆ? ನಮ್ಮ ಮನೆಯಲ್ಲಿ ಮಾತ್ರ ಇದು ಪುತ್ತೂರು ಬದಿಯ ಸವಣೂರು ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರೂ ಮುಗಿಯದ ಸಂಗತಿ. ಮೊನ್ನೆ ಮೀನು ತರುವವನಿಗೂ ಹೇಳಿದೆ. "ಹೋದ ವಾರವೂ ಹೇಳಿದ್ದೀರಿ ಅಜ್ಜ" ಎಂದ. ಹೇಳಿರಬಹುದು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಓದುವವರಿಗೆ ಸಾಕಾದರೆ ಪುಟ ಮಗುಚಬಹುದು, ಮೀನಿನವನಿಗೆ ಆ ಅನುಕೂಲ ಇರಲಿಲ್ಲ.

ನಮ್ಮ ಮನೆಯಲ್ಲಿ ಮಾತಿಗೆ ಬರ ಇಲ್ಲ. ನಾನು, ನನ್ನ ಹೆಂಡತಿ ಆಡುವುದು ತುಳು. ಸೊಸೆ ಸುಳ್ಯದ ಕಡೆಯವಳು, ತವರಿನವರ ಹತ್ತಿರ ಫೋನಿನಲ್ಲಿ ಆಡುವುದು ಆ ಕಡೆಯ ಅರೆಭಾಷೆ. ಮಗ ಪುತ್ತೂರಿನ ಒಂದು ಪೈಂಟಿನ ಅಂಗಡಿಯಲ್ಲಿ ಇದ್ದಾನೆ, ಅಲ್ಲಿ ಬಂದ ಗಿರಾಕಿಯ ಬಾಯಿ ನೋಡಿ ಬ್ಯಾರಿ, ಮಲಯಾಳ ಎಲ್ಲ ಆಡುತ್ತಾನೆ. ಅವನೂ ಸೊಸೆಯೂ ತಮ್ಮೊಳಗೆ ಕನ್ನಡ. ಇಷ್ಟೆಲ್ಲ ಇರುವ ಮನೆಯಲ್ಲಿ ಮಗುವಿನ ಬಾಯಿಂದ ಇವುಗಳಲ್ಲಿ ಒಂದೂ ಬರಲಿಲ್ಲ. (ನಾವು ತುಳುವಿನಲ್ಲಿ ಆಡಿದ್ದನ್ನೂ ಇಲ್ಲಿ ಕನ್ನಡ ಮಾಡಿಯೇ ಬರೆದಿದ್ದೇನೆ, ಎಲ್ಲರಿಗೂ ಅರ್ಥವಾಗಬೇಕಲ್ಲ.)

ಎರಡು ವರ್ಷದವರೆಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ. "ಇವಳ ಅಪ್ಪನೂ ತಡವೇ ಅಲ್ವಾ, ಈಗ ಅಂಗಡಿಯಲ್ಲಿ ಬಾಯಿ ಮುಚ್ಚುದಿಲ್ಲ" ಎಂದಳು ನನ್ನ ಹೆಂಡತಿ. ದಿನಾ ಬೆಳಿಗ್ಗೆ ಕಲ್ಲಿನ ಮೇಲೆ ಬಜೆ ತೇಯ್ದು, ಜೇನಿನಲ್ಲಿ ಕಲಸಿ ಮಗುವಿನ ನಾಲಿಗೆಗೆ ಸವರಿದಳು. ಮಗು ಜೇನನ್ನು ಚಪ್ಪರಿಸಿ ಸುಮ್ಮನಾಗುತ್ತಿತ್ತು. ಮೂರು ದಾಟಿದಾಗ ಮನೆಯಲ್ಲಿ ಆ ವಿಷಯ ಎತ್ತುವುದನ್ನೇ ಎಲ್ಲರೂ ಬಿಟ್ಟೆವು. ಯಾರಾದರೂ ನೆಂಟರು "ಮಗು ಎಂತ ಹೇಳ್ತದೆ?" ಎಂದು ಸಹಜವಾಗಿ ಕೇಳಿದರೆ ಸೊಸೆ ಎದ್ದು ಚಹಾ ಇಡಲಿಕ್ಕೆ ಹೋಗುತ್ತಿದ್ದಳು.

ಅವಳಿಗೆ ಬಾಯಿ ಇರಲಿಲ್ಲ ಎಂದಲ್ಲ. ಅದೇ ನಮಗೆ ಕಷ್ಟವಾದದ್ದು. ಜಗಲಿಯ ಬೆಂಚಿನಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ಒಂದು ಮೊಲದ ಸಂಸಾರದ ಕಾರ್ಟೂನು ನೋಡುತ್ತಿದ್ದಳು. ಅಪ್ಪ ಮೊಲ, ಅಮ್ಮ ಮೊಲ, ತುಂಬ ಮರಿಗಳು. ಅವು ಇಂಗ್ಲಿಷಿನಲ್ಲಿ ಏನು ಹೇಳುತ್ತವೋ ಅದನ್ನು ಇವಳೂ ಹೇಳುತ್ತಿದ್ದಳು, ಸ್ಪಷ್ಟವಾಗಿ, ಅದೇ ರಾಗದಲ್ಲಿ. ನಾವು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿತ್ತು. ಕರೆದರೆ ತಿರುಗುವುದಿಲ್ಲ. ನೀರು ಬೇಕಾದರೆ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಆ ಕೈಯನ್ನು ಹೂಜಿಯ ಮೇಲೆ ಇಡುವುದು. ಬಾಗಿಲು ತೆರೆಯಬೇಕಾದರೆ ಕೈಯನ್ನು ಚಿಲಕದ ಮೇಲೆ ಇಡುವುದು. ಮೊಲಗಳಿಗೆ ಮಾತು, ನಮಗೆ ಕೈ. ನನ್ನ ಹೆಂಡತಿಗೆ ಮೊಮ್ಮಗಳು ಬಂದು ಮೂರು ವರ್ಷ ಆಗಿತ್ತು, "ಅಜ್ಜಿ" ಎಂದು ಕರೆಸಿಕೊಂಡಿರಲಿಲ್ಲ.

ಪುತ್ತೂರಿನಲ್ಲಿ ಒಬ್ಬರು ಮಕ್ಕಳ ಡಾಕ್ಟ್ರಿಗೆ ತೋರಿಸಿದೆವು. ಕಿವಿ ಪರೀಕ್ಷೆ ಮಾಡಿಸಿದರು, ಸರಿ ಉಂಟು ಎಂದರು. ಮಗುವಿನ ಜೊತೆ ನೆಲದಲ್ಲಿ ಕೂತು ತುಂಬ ಹೊತ್ತು ಆಟ ಆಡಿದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ:

"ಫೋನನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬನ್ನಿ. ಆದ್ರೆ ಆ ಜಾಗ ಖಾಲಿ ಬಿಡ್ಬೇಡಿ. ಮನೆಯಲ್ಲಿ ಯಾರಾದ್ರೂ ಒಬ್ರು ದಿನಾ ಇವಳ ಮುಖ ನೋಡಿಕೊಂಡು ಮಾತಾಡ್ಬೇಕು. ಇವಳಿಗೆ ಗೊತ್ತಿರುವ ನಾಲ್ಕು ಮಾತು ಇಂಗ್ಲಿಷಿನದ್ದಾದ್ರೆ ಮೊದ್ಲು ಅದ್ರಲ್ಲೇ ಮಾತಾಡಿ. ಮನುಷ್ಯರೂ ಮಾತಾಡ್ತಾರೆ ಅಂತ ಇವಳಿಗೆ ಗೊತ್ತಾಗ್ಲಿ. ಆಮೇಲೆ ನಿಮ್ಮದು ಸೇರಿಸಿ."

ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆವು. ಮಗ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಸೊಸೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಮದುವೆಯ ಸೀಸನ್ನಿನಲ್ಲಿ ಮಿಷನಿನಿಂದ ಕಾಲು ತೆಗೆಯಲಿಕ್ಕೆ ಆಗುವುದಿಲ್ಲ. ಹೆಂಡತಿಗೆ ಅಡಿಗೆ, ದನ, ತೊಳೆಯುವುದು, ಬಳಿಯುವುದು. ಮನೆಯಲ್ಲಿ ಕೆಲಸ ಇಲ್ಲದವ ನಾನೊಬ್ಬನೇ. ಓಡಿಸುತ್ತಿದ್ದ ಜೀಪು ಮಾರಿದ ಮೇಲೆ ಬೆಳಿಗ್ಗೆ ಪೇಪರು, ಸಂಜೆ ಪೇಟೆ, ಅಷ್ಟೇ.

"ನಾನು ಮಾತಾಡ್ತೇನೆ" ಎಂದೆ.

"ಇಂಗ್ಲಿಷಿನಲ್ಲಿ?" ಎಂದಳು ಹೆಂಡತಿ.

"ಹೌದು."

"ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದು ಯಾರು ಮಾರಾಯ್ರೆ?"

"ಇಂಗ್ಲಿಷ್ ಶುರುವಾಗುದೇ ಅದ್ರ ಮೇಲೆ. ಹಾಗಾಗಿ ನಾನು ಅದ್ರಲ್ಲಿ ಫೇಲ್ ಆಗ್ಲೇ ಇಲ್ಲ."

ಸೊಸೆ ನಗಲಿಲ್ಲ. "ಮಾವ, ನಾನು ಹೇಳಿ ಕೊಡ್ತೇನೆ" ಎಂದಳು. ಬಿ.ಎ. ಓದಿದವಳು ಅವಳು.

ಮರುದಿನದಿಂದ ಹೊಲಿಗೆ ಮಿಷನಿನ ಪಕ್ಕದಲ್ಲಿ ಸ್ಟೂಲು ಹಾಕಿ ನನ್ನ ಶಾಲೆ. ನನಗೆ ಇಂಗ್ಲಿಷ್ ಶಬ್ದಗಳು ಗೊತ್ತಿಲ್ಲದೆ ಇರಲಿಲ್ಲ. ಬ್ರೇಕು, ಕ್ಲಚ್ಚು, ಲೈಟು, ಸ್ಟಾಪು, ಟೈಮು, ಅರ್ಜೆಂಟು. ಎಲ್ಲ ಒಂಟಿ ಶಬ್ದಗಳು. ಸೊಸೆ ಹೇಳಿದಳು, ಮೊಲಗಳು ಮಾತಾಡುವುದು ಹಾಗಲ್ಲ, ಅವು ಒಂದು ಸಣ್ಣ ಶಬ್ದದ ಹಿಂದೆ ಇನ್ನೊಂದು ಸಣ್ಣ ಶಬ್ದ ಕಟ್ಟಿಕೊಂಡು ಓಡಾಡುತ್ತವೆ. ಲುಕ್ ಎಂದರೆ ನೋಡು. ಲುಕ್ ಫಾರ್ ಎಂದರೆ ಹುಡುಕು. ಲುಕ್ ಆಫ್ಟರ್ ಎಂದರೆ ಸಾಕು, ಆರೈಕೆ ಮಾಡು.

"ಇದೆಂತ ಮಾರಾಯ್ತಿ, ನೋಡುದಕ್ಕೂ ಸಾಕುದಕ್ಕೂ ಎಂತ ಸಂಬಂಧ?" ಎಂದೆ.

ಅವಳು ಸೂಜಿಗೆ ನೂಲು ಪೋಣಿಸುತ್ತಾ ಹೇಳಿದಳು, "ಮಾವ, ನೀವು ಪೇಟೆಗೆ ಹೋಗುವಾಗ ನನ್ನ ಹತ್ರ ಎಂತ ಹೇಳ್ತೀರಿ? ಮಗುವನ್ನು ನೋಡು ಅಂತೀರಾ, ನೋಡಿಕೋ ಅಂತೀರಾ?"

ಹೌದಲ್ಲ. ನಾನು ಇಷ್ಟು ವರ್ಷ ನೋಡು ಎಂದಿದ್ದೇನೆ, ನೋಡಿಕೋ ಎಂದಿದ್ದೇನೆ, ಎರಡೂ ಬೇರೆ ಎಂದು ಒಂದು ದಿನವೂ ನಿಂತು ಯೋಚಿಸಿರಲಿಲ್ಲ. ಆ ದಿನ ನನಗೆ ಧೈರ್ಯ ಬಂತು. ಅವರದ್ದೂ ನಮ್ಮ ಹಾಗೆಯೇ ಒಂದು ಮನೆ ಮಾತು, ಅಷ್ಟೇ.

ವೇಕ್ ಅಪ್, ಗೆಟ್ ಅಪ್, ಸಿಟ್ ಡೌನ್, ಕಮ್ ಆನ್, ಪುಟ್ ಆನ್, ಟೇಕ್ ಆಫ್, ಪಿಕ್ ಅಪ್. ಒಂದೊಂದನ್ನೂ ಮೈಯಲ್ಲಿ ಮಾಡಿ ಕಲಿತೆ. ಬನಿಯನು ಹಾಕುವಾಗ ಪುಟ್ ಆನ್, ತೆಗೆಯುವಾಗ ಟೇಕ್ ಆಫ್. ಹಾಗೆ ಒಂದು ಬೆಳಿಗ್ಗೆ ಬನಿಯನು ಹಾಕುವುದು ತೆಗೆಯುವುದು ಮಾಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಒಂದೋ ಹಾಕಿ, ಇಲ್ಲಾ ತೆಗೀರಿ, ಚಳಿ ಹಿಡೀತದೆ" ಎಂದು ಹೋದಳು.

ಮಗುವಿನ ಮುಂದೆ ಪ್ರಯೋಗ ಮಾಡಿದ್ದು ಒಂದು ಬೆಳಿಗ್ಗೆ, ಅವಳು ಏಳುವ ಹೊತ್ತಿಗೆ. ಚಾಪೆಯ ಹತ್ತಿರ ಕೂತು ಮೊಲದ ರಾಗದಲ್ಲೇ "ವೇಕ್ ಅಪ್, ವೇಕ್ ಅಪ್" ಎಂದೆ. ಅವಳು ಕಣ್ಣು ಬಿಟ್ಟಳು. ತಿರುಗಿದಳು. ನನ್ನ ಮುಖ ನೋಡಿದಳು, ಬಾಯಿಯನ್ನು ನೋಡಿದಳು, ಆ ಮೊಲ ಇದರ ಒಳಗೆ ಹೇಗೆ ಬಂತು ಎಂದು ಹುಡುಕುವ ಹಾಗೆ. ಅಷ್ಟು ಹೊತ್ತು ಅವಳು ನನ್ನನ್ನು ಅದುವರೆಗೆ ನೋಡಿರಲಿಲ್ಲ. ನಾನು ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದರೆ ಅವಳು ತಿರುಗಿ ಮಾತಾಡಲಿಲ್ಲ. ನೋಡುವುದು, ಹೇಳಿದಂತೆ ಮಾಡುವುದು. ಸಿಟ್ ಡೌನ್ ಎಂದರೆ ಕೂರುತ್ತಾಳೆ, ಪಿಕ್ ಅಪ್ ಎಂದರೆ ಹೆಕ್ಕುತ್ತಾಳೆ. ಬಾಯಿ ಮಾತ್ರ ಮೊಲಗಳಿಗೇ.

ಒಮ್ಮೆ ನಕ್ಕಳು. ಅದನ್ನು ಹೇಳಲೇಬೇಕು. ನನ್ನ ಹೆಂಡತಿಯ ತಂಗಿ ಕೆದಂಬಾಡಿಯಿಂದ ಒಂದು ಹಲಸಿನ ಹಣ್ಣು ಹಿಡಿದುಕೊಂಡು ಬಂದಿದ್ದಳು. ರಿಕ್ಷಾ ಅಂಗಳಕ್ಕೆ ಬಂದು ನಿಂತಿತು. ಗಾಡಿಗೆ ಹತ್ತುವುದು ಗೆಟ್ ಇನ್, ಇಳಿಯುವುದು ಗೆಟ್ ಔಟ್ ಎಂದು ಸೊಸೆ ಅದರ ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದಳು. ಮಗು ನನ್ನ ಪಕ್ಕದಲ್ಲೇ ಇತ್ತು. ಒಳ್ಳೆ ಸಮಯ ಎಂದು ನಾನು ರಿಕ್ಷಾದ ಬಾಗಿಲಿಗೆ ಹೋಗಿ, ಎರಡೂ ಕೈ ಚಾಚಿ, ತುಂಬ ಪ್ರೀತಿಯಿಂದ "ಗೆಟ್ ಔಟ್! ಗೆಟ್ ಔಟ್!" ಎಂದೆ.

ನಮ್ಮ ಊರಿನಲ್ಲಿ ಅಕ್ಷರ ಬಾರದವರಿಗೂ ಗೆಟ್ ಔಟ್ ಎಂದರೆ ಗೊತ್ತು. ಯಜಮಾನ ಕೆಲಸದವನನ್ನು, ಮೇಷ್ಟ್ರು ಮಕ್ಕಳನ್ನು ಹೊರಗೆ ಹಾಕುವ ಮಾತು ಅದು. ನಾದಿನಿ ಹಲಸಿನ ಹಣ್ಣನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಲ್ಲೇ ಕೂತಳು. "ಎಂತ ಭಾವ? ಬಂದ ಕಾಲಿಗೇ ಹೀಗೆ ಹೇಳುದಾ? ನಾನು ಎಂತ ಮಾಡಿದೆ ನಿಮ್ಗೆ?" ರಿಕ್ಷಾದವನು ಮುಖ ಆ ಕಡೆ ತಿರುಗಿಸಿದ.

"ಅಯ್ಯೋ ಅಲ್ಲ ಮಾರಾಯ್ತಿ, ಗೆಟ್ ಔಟ್ ಅಂದ್ರೆ ಒಳಗೆ ಬಾ ಅಂತ" ಎಂದು ನಾನು ಇನ್ನಷ್ಟು ಕೆಡಿಸಿದೆ.

ಅಷ್ಟರಲ್ಲಿ ಹಿಂದಿನಿಂದ ಗಲಗಲ ನಗು. ಮಗು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಒಂದು ಗಾಡಿಯಿಂದ ಇಳಿಯದೆ ಹಟ ಹಿಡಿದು ಕೂತ ದೊಡ್ಡ ಹೆಂಗಸು, ಕೈ ಚಾಚಿ ಕರೆಯುವ ಅಜ್ಜ. ಅವಳಿಗೆ ಅದು ಕಾರ್ಟೂನಿಗಿಂತ ಚಂದ ಕಂಡಿರಬೇಕು. ನಾದಿನಿಯ ಸಿಟ್ಟು ಆ ನಗುವಿನಲ್ಲಿ ಇಳಿಯಿತು. ಅವಳೂ ಇಳಿದಳು.

ಇನ್ನು ಜೀಪಿನ ವಿಷಯ. ನಾನು ಪುತ್ತೂರು, ಸವಣೂರು, ಕಾಣಿಯೂರು, ಕೆಲವೊಮ್ಮೆ ಕಡಬದವರೆಗೆ ಸರ್ವಿಸ್ ಜೀಪು ಓಡಿಸಿದವನು. ಬಸ್ಸು ಕಡಿಮೆ ಇದ್ದ ಕಾಲದಲ್ಲಿ ಆ ದಾರಿಯವರು ಕಾಯುತ್ತಿದ್ದದ್ದು ನಮಗೆ. ಸರ್ವಿಸ್ ಜೀಪಿಗೆ ಗಡಿಯಾರ ಇಲ್ಲ. ಜನ ಭರ್ತಿ ಆದರೆ ಹೊರಡುತ್ತದೆ, ಆಗದಿದ್ದರೆ ಇಲ್ಲ. ಭರ್ತಿ ಎಂದರೆ ಹಿಂದೆ ಎದುರುಬದುರು ಎರಡು ಸೀಟು, ಮಧ್ಯದ ಸೀಟು, ಮುಂದೆ ಡ್ರೈವರನ ಎಡಕ್ಕೆ ಜನ, ಬಲಕ್ಕೂ ಒಬ್ಬ. ಡ್ರೈವರ್ ಓರೆಯಾಗಿ ಕೂರುವುದು. ಬಲಕ್ಕೆ ಯಾರೂ ಇಲ್ಲದ ದಿನವೂ ನನಗೆ ಸೀಟಿನಲ್ಲಿ ನೆಟ್ಟಗೆ ಕೂರಲಿಕ್ಕೆ ಬರುತ್ತಿರಲಿಲ್ಲ. ಈಗ ಊಟಕ್ಕೆ ಕೂತರೂ ಸ್ವಲ್ಪ ಓರೆ.

ಜೀಪು ಮಾರುವಾಗ ಹಿಂದಿನ ಒಂದು ಸೀಟನ್ನು ಬಿಚ್ಚಿ ಇಟ್ಟುಕೊಂಡಿದ್ದೆ. ಜಗಲಿಯಲ್ಲಿರುವ ಬೆಂಚು ಅದೇ. ಮಳೆ ಬಿಟ್ಟ ಒಂದು ಬೆಳಿಗ್ಗೆ ಮಗು ಅದರಲ್ಲಿ ಕೂತಿತ್ತು. ಫೋನಿನಲ್ಲಿ ಮೊಲಗಳು ಕಾರು ಹತ್ತಿ ಎಲ್ಲಿಗೋ ಹೊರಟಿದ್ದವು. ನಾನು ಒಳಗಿಂದ ಒಂದು ಗೆರಸಿ ತಂದೆ, ಅಕ್ಕಿ ಕೇರುವ ದುಂಡನೆಯ ಬಿದಿರಿನ ಗೆರಸಿ. ಬೆಂಚಿನ ತುದಿಯಲ್ಲಿ ಓರೆಯಾಗಿ ಕೂತು, ಗೆರಸಿಯನ್ನು ಸ್ಟೇರಿಂಗಿನ ಹಾಗೆ ಹಿಡಿದು, "ಗೆಟ್ ಇನ್, ಹೋಲ್ಡ್ ಆನ್" ಎಂದು ಬಾಯಲ್ಲಿ ಇಂಜಿನು ಸ್ಟಾರ್ಟ್ ಮಾಡಿದೆ. ನನ್ನ ಹಳೆಯ ಜೀಪಿನ ಇಂಜಿನು ನನಗೆ ಚೆನ್ನಾಗಿ ಬರುತ್ತದೆ, ಚಳಿಯಲ್ಲಿ ಕೆಮ್ಮುವುದು ಸಮೇತ.

ಮಗು ಫೋನು ಕೆಳಗಿಟ್ಟು ನನಗೆ ತಾಗಿ ಕೂತಿತು. ಕಾದಿತು. ಇಂಜಿನು ಗುರುಗುಡುತ್ತಿದೆ, ಜೀಪು ಹೊರಡುವುದಿಲ್ಲ. ನನ್ನ ಭುಜ ದೂಡಿತು. ನಾನು ಹಿಂದೆ ತಿರುಗಿ ಖಾಲಿ ಜಗಲಿ ನೋಡಿ, "ಜನ ಆಗಲಿಲ್ಲ ಮಗಾ" ಎಂದೆ.

ನಿಜ ಹೇಳಬೇಕೆಂದರೆ ನಾನು ಯಾವ ಉಪಾಯವನ್ನೂ ಮಾಡಿರಲಿಲ್ಲ. ಖಾಲಿ ಗಾಡಿ ಬಿಡುವುದು ನನ್ನಿಂದ ಆಟದಲ್ಲೂ ಆಗಲಿಲ್ಲ, ಅಷ್ಟೇ. ಡ್ರೈವರನ ಚಾಳಿ.

ಅವಳು ಇಳಿದು ಒಳಗೆ ಓಡಿ ಒಂದು ತಲೆದಿಂಬು ತಂದು ಬೆಂಚಿನ ಮೇಲೆ ಇಟ್ಟಳು. "ಇದು ಲಗೇಜು" ಎಂದು ನಾನು ಅದನ್ನು ಎತ್ತಿ ಕಿಟಕಿಯ ಮೇಲೆ ಇಟ್ಟೆ, ಲಗೇಜು ಹೋಗುವುದು ಮೇಲಿನ ಕ್ಯಾರಿಯರಿಗೆ. ಒಂದು ತೆಂಗಿನಕಾಯಿ ತಂದಳು. ಅದೂ ಲಗೇಜು. ಅವಳ ಗೊಂಬೆ ತಂದಳು. ಗೊಂಬೆಗೆ ಅರ್ಧ ಟಿಕೆಟು, ಕೂರಲಿ ಎಂದೆ. "ಪೀಪಲ್" ಎಂದು ಸೊಸೆ ಕಲಿಸಿದ ಶಬ್ದ ನೆನಪಾಯಿತು. "ಪೀಪಲ್ ಬೇಕು ಮಗಾ. ಪೀಪಲ್. ನೋ ಪೀಪಲ್, ನೋ ಜೀಪು."

ಅವಳು ಗೊಂಬೆಯನ್ನು ಬೆಂಚಿನಲ್ಲಿ ನೆಟ್ಟಗೆ ಕೂರಿಸಿದಳು. ಆಮೇಲೆ ಅಡಿಗೆಮನೆಯ ಕಡೆ ಹೋದಳು.

ಹಿಂದಿನ ಬಾಗಿಲಿನಲ್ಲಿ ನನ್ನ ಹೆಂಡತಿ ಮೆಟ್ಟುಕತ್ತಿಯಲ್ಲಿ ಬೂತಾಯಿ ಮೀನು ಕೊಯ್ಯುತ್ತಿದ್ದಳು. ನಾನು ಕೂತಲ್ಲಿಂದ ನೇರ ಕಾಣುತ್ತದೆ. ಮಗು ಹೋಗಿ ಅಭ್ಯಾಸದಂತೆ ಅಜ್ಜಿಯ ಕೈಗೆ ಕೈ ಹಾಕಿತು. "ಏ ಏ, ತಡಿ, ಕತ್ತಿ ಉಂಟು, ಕೈಯೆಲ್ಲ ಮೀನು" ಎಂದು ಅವಳು ಎರಡೂ ಕೈ ಮೇಲೆತ್ತಿ ಹಿಡಿದಳು. ಮಗು ಎಟಕಿಸಲಿಕ್ಕೆ ನೋಡಿತು. ಸಿಗಲಿಲ್ಲ. ಸೆರಗು ಎಳೆಯಿತು. "ಈಗ ಅಲ್ಲ, ಮತ್ತೆ."

ಹಿಡಿದು ಎಳೆಯಲಿಕ್ಕೆ ಕೈ ಇಲ್ಲ. ಜಗಲಿಯಲ್ಲಿ ಇಂಜಿನು ಗುರುಗುಡುತ್ತಾ ಉಂಟು. ಮಗು ಒಮ್ಮೆ ನನ್ನ ಕಡೆ ನೋಡಿತು, ಒಮ್ಮೆ ಆ ಮೇಲೆತ್ತಿದ ಕೈಗಳ ಕಡೆ. ಆಮೇಲೆ ಅಜ್ಜಿಯ ಮುಖವನ್ನೇ ನೋಡಿ ಹೇಳಿತು:

"ಅಜ್ಜಿ. ಕಮ್ ಆನ್. ಗೆಟ್ ಇನ್."

ನನ್ನ ಇಂಜಿನು ನಿಂತಿತು.

ನನ್ನ ಹೆಂಡತಿ ಕತ್ತಿಯ ಮಣೆಯಿಂದ ಎದ್ದ ವೇಗವನ್ನು ನಾನು ಮದುವೆಯಾದ ವರ್ಷವೂ ಕಂಡಿಲ್ಲ. ಕೈ ತೊಳೆಯಲಿಲ್ಲ. ಮೀನಿನ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ಮಗುವಿನ ಹಿಂದೆ ಬಂದಳು. ಬೆಕ್ಕು ಮೀನಿಗೆ ಬಾಯಿ ಹಾಕಿದ್ದು ನನಗೆ ಕಂಡಿತು, ನಾನು ಹೇಳಲಿಲ್ಲ. ಅವಳು ಬೆಂಚಿನಲ್ಲಿ ಗೊಂಬೆಯ ಪಕ್ಕ ಕೂತಳು. ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಲಿಕ್ಕೆ ಕೈ ಇಲ್ಲ.

"ನೀವು ಕೇಳಿದ್ರಾ?" ಎಂದಳು ನನ್ನ ಹತ್ತಿರ.

"ಕೇಳಿದೆ."

"ಅಜ್ಜಿ ಅಂದ್ಲಲ್ಲ?"

"ಅಂದ್ಲು ಮಾರಾಯ್ತಿ. ನೀನು ಒತ್ತಿ ಕೂತ್ಕೋ, ಇನ್ನೂ ಜನ ಉಂಟು."

ಹೊಲಿಗೆ ಮಿಷನು ಎಷ್ಟು ಹೊತ್ತಿಗೆ ನಿಂತಿತೋ ಗೊತ್ತಿಲ್ಲ. ಸೊಸೆ ಬಾಗಿಲಿನ ದಾರಂದ ಹಿಡಿದು ನಿಂತಿದ್ದಳು, ಕುತ್ತಿಗೆಯಲ್ಲಿ ಟೇಪು. ತಾನಾಗಿ ಬರಲಿಲ್ಲ. ಅವಳಿಗೂ ಕರೆಸಿಕೊಳ್ಳಬೇಕಿತ್ತು ಎಂದು ಈಗ ನನಗೆ ಅನಿಸುತ್ತದೆ. ಮಗು ಅವಳ ಎದುರು ಹೋಗಿ ನಿಂತು, "ಅಮ್ಮ, ಕಮ್ ಆನ್" ಎಂದಿತು. ಅವಳು ಬಂದು ಕೂತು ಮಗುವನ್ನು ಮಡಿಲಿಗೆ ಎಳೆದುಕೊಳ್ಳಲಿಕ್ಕೆ ನೋಡಿದರೆ ಮಗು ತಪ್ಪಿಸಿಕೊಂಡು ಮುಂದೆ ನನ್ನ ಬಲಕ್ಕೆ ಬಂದು ಕೂತಿತು. ಜೀಪು ಭರ್ತಿಯಾದ ಮೇಲೆ ಕೊನೆಗೆ ಹತ್ತಿದವನ ಜಾಗ ಅದು ಎಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಜೀಪು ಹೊರಟಿತು. ಕಾಣಿಯೂರಿನವರೆಗೆ ಒಂದೇ ಉಸಿರಿನಲ್ಲಿ ಓಡಿಸಿದೆ. ತಿರುವುಗಳಲ್ಲಿ ಎಲ್ಲರೂ ಒಂದು ಕಡೆಗೆ ವಾಲಿದರು.

ಸೊಸೆ ಮಗನಿಗೆ ಫೋನು ಮಾಡಿ ಹೇಳಿದಳು. ಅವನು "ಹಾಂ" ಎಂದನಂತೆ, ಗಿರಾಕಿ ಇದ್ದಾರೆ ಎಂದು ಇಟ್ಟನಂತೆ. ಅವನಿಗೆ ಎಂತದೂ ಅನಿಸಲಿಲ್ಲವಾ ಎಂದು ಅವಳ ಮುಖ ಸಣ್ಣದಾಯಿತು. ರಾತ್ರಿ ಬರಬೇಕಾದವನು ಮಧ್ಯಾಹ್ನದ ಊಟದ ಹೊತ್ತಿಗೆ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದ. ಮುಂಗೈಗೆ ಹಸಿರು ಪೈಂಟು ಹಾಗೇ ಇತ್ತು. ನೇರ ಬಂದು ಬೆಂಚಿನಲ್ಲಿ ಕೂತ. ಹೆಲ್ಮೆಟು ತೆಗೆಯಲೂ ಇಲ್ಲ.

ಮಗು ಅವನನ್ನು ನೋಡಿತು. ಅವನು ಕೂತದ್ದು ಗೊಂಬೆಯ ಮೇಲೆ.

"ಅಪ್ಪ," ಎಂದಿತು. "ಮೂವ್ ಓವರ್."

ಅವನಿಗೆ ಅವಳು ಆಡಿದ ಮೊದಲ ಮಾತು ಅದು. ಅವನು ಸರಿದ. ಎಷ್ಟು ಸರಿದ ಎಂದರೆ ಬೆಂಚು ಮುಗಿದು ನೆಲಕ್ಕೆ ಕೂತ. ಬಿದ್ದವನು ಏಳಲಿಲ್ಲ, ಹೆಲ್ಮೆಟಿನ ಒಳಗೆ ನಗುತ್ತಿದ್ದಾನೋ ಅಳುತ್ತಿದ್ದಾನೋ ಹೊರಗಿನವರಿಗೆ ಗೊತ್ತಾಗಲಿಲ್ಲ. ಮಗುವಿಗೆ ಗೊತ್ತಾಗಿರಬೇಕು. ಹೋಗಿ ಹೆಲ್ಮೆಟಿನ ಗಾಜು ಮೇಲೆತ್ತಿ ಒಳಗೆ ನೋಡಿತು. "ಗೆಟ್ ಅಪ್, ಅಪ್ಪ" ಎಂದಿತು.

ಆಮೇಲೆ ಮಾತು ಒಂದೊಂದೇ ಬಂತು, ಬೆಳಗಿನ ಜೀಪಿಗೆ ಜನ ಬಂದ ಹಾಗೆ. ಡಾಕ್ಟ್ರು ಹೇಳಿದಂತೆ ನಾವು ನಮ್ಮದನ್ನು ಸೇರಿಸಿದೆವು. ನಾನು "ಕಮ್ ಆನ್, ಬಲ" ಎನ್ನುತ್ತಿದ್ದೆ, "ಸಿಟ್ ಡೌನ್, ಕುಲ್ಲು" ಎನ್ನುತ್ತಿದ್ದೆ. ಬಲ ಎಂದರೆ ತುಳುವಿನಲ್ಲಿ ಬಾ, ಕುಲ್ಲು ಎಂದರೆ ಕೂರು. ಅವಳು ಎರಡನ್ನೂ ಒಟ್ಟಿಗೇ ಹಿಡಿದುಕೊಂಡಳು. ಈಗ ದನಕ್ಕೂ "ಕಮ್ ಆನ್ ಬಲ" ಎನ್ನುತ್ತಾಳೆ, ದನ ಬರುತ್ತದೆ. ಪೂರ್ತಿ ಸರಿಯಾಗಲಿಕ್ಕೆ ಸಮಯ ಬೇಕು, ಇನ್ನೂ ಬರುತ್ತಾ ಇರಿ ಎಂದಿದ್ದಾರೆ ಡಾಕ್ಟ್ರು. ಹೋಗುತ್ತಾ ಇದ್ದೇವೆ. ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತು ಕಂಡದ್ದನ್ನೆಲ್ಲ ಹೇಳುತ್ತಾಳೆ, ಎದುರು ಸೀಟಿನವರು ತಿರುಗಿ ನೋಡುತ್ತಾರೆ, ನಾನು ಅವರು ಕೇಳಲಿ ಎಂದು ಕಾಯುತ್ತೇನೆ.

ಹೋದ ಭಾನುವಾರ ಕಾಣಿಯೂರಿನ ಒಂದು ಗೃಹಪ್ರವೇಶಕ್ಕೆ ಹೋದ ಹೆಂಡತಿ ಬಾಳೆಲೆಯಲ್ಲಿ ಸುತ್ತಿ ಹೋಳಿಗೆ ತಂದಿದ್ದಳು, ಮಗುವಿಗೆಂದು. ನನಗೆ ಸಕ್ಕರೆ ಕಾಯಿಲೆ ಉಂಟು, ಸಿಹಿ ಮುಟ್ಟಬಾರದು. ಅವಳು ದನದ ಕೊಟ್ಟಿಗೆಗೆ ಹೋದಾಗ ನಾನೂ ಮೊಮ್ಮಗಳೂ ಕಟ್ಟು ಬಿಚ್ಚಿದೆವು. ಅವಳು ಒಂದು ತುಂಡು ತಿಂದಳು. ಉಳಿದದ್ದಕ್ಕೆ ನಾನು ಜವಾಬ್ದಾರಿ ತೆಗೆದುಕೊಂಡೆ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ತಲೆ ಆಡಿಸಿದಳು.

ಹೆಂಡತಿ ಒಳಗೆ ಬಂದು ಬಾಳೆಲೆ ಎತ್ತಿ ನೋಡಿದಳು. "ಹೋಳಿಗೆ ಎಲ್ಲಿ?"

ನಾನು ಪೇಪರು ಓದುತ್ತಿದ್ದೆ.

ಮೊಮ್ಮಗಳು ಅಜ್ಜಿಯ ಎದುರು ಹೋಗಿ ನಿಂತಳು. ನನ್ನ ಕಡೆ ಬೆರಳು ತೋರಿಸಿ, ಒಂದು ಉಸಿರು ಎಳೆದುಕೊಂಡು ಹೇಳಿದಳು: "ಅಜ್ಜಿ, ಅಜ್ಜೆ ಈಟ್ ಅಪ್. ಮಾತ ತಿಂದೆರ್!" ಅಜ್ಜ ಎಲ್ಲ ತಿಂದರು, ಎಂದು. ಎರಡು ಭಾಷೆಯಲ್ಲಿ ಎರಡು ಸಲ, ಸಂಶಯ ಉಳಿಯದ ಹಾಗೆ.

ಹೆಂಡತಿ ಶುರು ಮಾಡಿದಳು. ಈ ಪ್ರಾಯದಲ್ಲಿ ನಾಚಿಕೆ ಬೇಡವಾ, ಮಗುವಿನ ಬಾಯಿಯಿಂದ ಕಸಿದು ತಿನ್ನುದಾ, ನಾಳೆ ಕಾಲು ಊದಿದ್ರೆ ನನ್ನ ಹತ್ರ ಹೇಳ್ಬೇಡಿ, ಎಂದೆಲ್ಲ. ನಾನು ಪೇಪರು ಮಡಚಿ ಇಟ್ಟು ಚೆನ್ನಾಗಿ ಕೇಳಿದೆ. ಚಾಡಿ ಹೇಳಿದವಳು ಅಜ್ಜಿಯ ಸೊಂಟ ಹಿಡಿದು ನಿಂತು, ಒಂದೊಂದು ಬೈಗುಳಕ್ಕೂ "ಹೌದು, ಹೌದು" ಎನ್ನುತ್ತಿದ್ದಳು.